ಬಾವ ಮನೆಯಲ್ಲಿದ್ದಾಗ ಮಾತ್ರ ಕೇಳಿದ ಹಾಡುಗಳು

ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟಿದ್ದ ಸ್ಟೀಲ್ ತಟ್ಟೆಗಳು ಝಣಝಣ ಅಂದವು. ನಾನು ಕಾಫಿಗೆ ಪುಡಿ ಹಾಕುತ್ತಿದ್ದೆ. ಮರುಕ್ಷಣ ಅಂಗಳದಲ್ಲಿದ್ದೆ. ಹೊಸಿಲು ಹೇಗೆ ದಾಟಿದೆ, ಚಮಚ ಎಲ್ಲಿ ಬಿತ್ತು, ಒಂದೂ ಗೊತ್ತಿಲ್ಲ. ಬರಿಗಾಲಲ್ಲಿ ನಿಂತು, ಕೆಜಿಎಫ್ ದಿಕ್ಕಿಗೆ ಮುಖ ಮಾಡಿ ಕಿವಿಗೊಟ್ಟಿದ್ದೆ. ಹೆಂಡತಿ ಹೊರಗೆ ಬಂದು ಏನಾಯಿತೆಂದು ಕೇಳಿದಳು. ಹಸು ಹಗ್ಗ ಬಿಚ್ಚಿಕೊಂಡ ಹಾಗಿತ್ತು ಅಂದೆ. ನಾಲ್ಕು ಹಸುಗಳೂ ಕಟ್ಟಿದ ಜಾಗದಲ್ಲೇ ಮಲಗಿ, ಮೆಲುಕು ಹಾಕುತ್ತಾ, ನನ್ನನ್ನೇ ನೋಡುತ್ತಿದ್ದವು.

ಆದದ್ದು ಇಷ್ಟೇ. ಬಂಗಾರಪೇಟೆಯಲ್ಲಿ ನರ್ಸ್ ಕೆಲಸ ಮಾಡುವ ನನ್ನ ಮಗಳು, ಅಪ್ಪನಿಗೆ ಹಾಡಿನ ಹುಚ್ಚು ಅಂತ ಒಂದು ಬ್ಲೂಟೂತ್ ಸ್ಪೀಕರ್ ತಂದುಕೊಟ್ಟಿದ್ದಳು. ಎಳನೀರು ಬುರುಡೆಯಷ್ಟು ಗಾತ್ರದ್ದು. ಹೆಂಡತಿ ಅದನ್ನು ಒರೆಸಿ, ಜಾಗವಿರುವ ಕಡೆ ಅಂದರೆ ತಟ್ಟೆಗಳ ಪಕ್ಕ ಇಟ್ಟಳು. ನಾನು ಫೋನಿನಲ್ಲಿ ಹಳೆಯದೊಂದು ಫಂಕ್ ಹಾಡು ಹಾಕಿದೆ. ನಾಲ್ಕು ಏಟು ಡ್ರಮ್ಮು, ಆಮೇಲೆ ಕೆಳಗಿನಿಂದ ಬೇಸ್ ಗಿಟಾರು ಎದ್ದು ಬಂತು. ತಟ್ಟೆಗಳು ನಡುಗಿದವು. ಹೋರಿಯ ಮೂಗುದಾರ ಹಿಡಿದು ನಿಲ್ಲಿಸಿದ ಮನುಷ್ಯ, ಐವತ್ತಾರು ವರ್ಷದವನು, ಒಂದು ಹಾಡಿಗೆ ಹೆದರಿ ಮನೆ ಬಿಟ್ಟು ಓಡಿದೆ.

ನಿಮಗೆ ವಿಚಿತ್ರ ಅನ್ನಿಸಬಹುದು. ಕ್ಯಾಸಂಬಳ್ಳಿ ಕಡೆಯ ಹಾಲಿನ ಡೇರಿಯಲ್ಲಿ ಮೂವತ್ತು ವರ್ಷ ಕೊಬ್ಬಿನ ಅಂಶ ಅಳೆದವನಿಗೂ ಅಮೆರಿಕದ ಫಂಕ್, ಸೋಲ್, ರಾಕ್ ಹಾಡುಗಳಿಗೂ ಏನು ನಂಟು? ನಮ್ಮೂರಲ್ಲಿ ನಾನು ಕೇಳುವುದಕ್ಕೆ ‘ಇಂಗ್ಲಿಷ್ ಭಜನೆ’ ಅಂತ ಹೆಸರಿಟ್ಟಿದ್ದಾರೆ. ಹಾಡುಗಳು ನನಗೆ ಬಹಳ ಇಷ್ಟ. ಅವನ್ನು ಕೇಳಿದಾಗ ಭಯ ಏಳುವುದೂ ಅಷ್ಟೇ ನಿಜ. ಎರಡೂ ಒಂದೇ ಕಾಲಕ್ಕೆ, ಒಂದೇ ಮನೆಯಲ್ಲಿ ನನಗೆ ಅಂಟಿಕೊಂಡವು. ಬಿಡಿಸಿ ನೋಡಲು ಹೋದವನಲ್ಲ ನಾನು.

ಆ ಮನೆ ಕೆಜಿಎಫ್‌ನ ಒಂದು ಲೈನ್ ಮನೆ, ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳಲ್ಲೊಂದು. ತಗಡಿನ ಸೂರು, ಎರಡು ಕೋಣೆ, ಒಂದು ಗೋಡೆ ಈ ಕಡೆಗೆ ನಮ್ಮದು, ಆ ಕಡೆಗೆ ಪಕ್ಕದವರದು. ನನಗಿಂತ ಹದಿಮೂರು ವರ್ಷ ದೊಡ್ಡವಳಾದ ನನ್ನ ಅಕ್ಕ ಮುನಿರತ್ನಮ್ಮನನ್ನು ಅಲ್ಲಿಗೆ ಕೊಟ್ಟಿತ್ತು. ಬಾವ ಕಾಮಸಮುದ್ರದ ಕಡೆಯವರು. ಎರಡು ಎಕರೆ ರಾಗಿ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಗಣಿಗೆ ಇಳಿದವರು. ನಾನು ಪಿಯುಸಿ ಓದಲೆಂದು ಅಕ್ಕನ ಮನೆಗೆ ಹೋದೆ. ಓದಿದ್ದು ಅಷ್ಟಕ್ಕಷ್ಟೆ. ಕಲಿತದ್ದೆಲ್ಲ ಮೂರು ಮನೆ ಆಚೆಗಿದ್ದ ಸೆಲ್ವನಿಂದ.

ಸೆಲ್ವ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಮದುವೆಗೂ ಅದೇ ಬ್ಯಾಂಡು, ಹೆಣಕ್ಕೂ ಅದೇ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನನ್ನ ಜೊತೆ ಅವೆರಡೂ ಬೆರೆತ ಕನ್ನಡ. ಅವನ ಬ್ಯಾಂಡ್ ಮಾಸ್ತರರು ಮದ್ರಾಸಿನಿಂದ ಕ್ಯಾಸೆಟ್ಟುಗಳನ್ನು ತರುತ್ತಿದ್ದರು. ಯಾರದೋ ಗ್ರಾಮಾಫೋನ್ ತಟ್ಟೆಯಿಂದ ತುಂಬಿಸಿದ್ದು. ಮೇಲೆ ಹೆಸರಿಲ್ಲ, ಊರಿಲ್ಲ. ಹಾಡುವವರು ಯಾರೆಂದು ಗೊತ್ತಿಲ್ಲದ ಕಾರಣ ನಾವೇ ಹೆಸರಿಟ್ಟುಕೊಂಡೆವು. ಒಂದು ‘ಕಂಡಕ್ಟರ್’. ಅದರಲ್ಲಿ ಹಾಡುವವನು ಹಾಡುವುದು ಕಡಿಮೆ, ಕೂಗುವುದು ಹೆಚ್ಚು. ಅವನು ಕೂಗಿದ ಕೂಡಲೇ ಇಡೀ ಮೇಳ ನಿಲ್ಲುತ್ತಿತ್ತು, ಮತ್ತೆ ಕೂಗಿದರೆ ಹೊರಡುತ್ತಿತ್ತು, ಬೇತಮಂಗಲದ ಬಸ್ಸಿನ ಹಾಗೆ. ಇನ್ನೊಂದು ‘ದೊಡ್ಡಮ್ಮ’. ಕೆರೆಯ ಆಚೆ ದಡದಲ್ಲಿರುವ ಎಮ್ಮೆಯನ್ನು ಈ ದಡದಿಂದ ಕರೆಯುವ ನಮ್ಮ ದೊಡ್ಡಮ್ಮನ ಕಂಠ ಆ ಹೆಂಗಸಿನದು. ಪ್ರತಿ ಸಾಲಿಗೆ ಮುಂಚೆ ಅವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಆ ಉಸಿರಿಗಾಗಿಯೇ ಟೇಪನ್ನು ಹಿಂದಕ್ಕೆ ಓಡಿಸಿ ಓಡಿಸಿ ಕೇಳುತ್ತಿದ್ದೆ. ಮೂರನೆಯದು ‘ಬಾವಿ’, ಒಂದು ರಾಕ್ ಹಾಡು. ಗಿಟಾರನ್ನು ಬಾವಿಯ ತಳದಲ್ಲಿ ಕೂತು ಬಾರಿಸಿದಂತೆ ಇತ್ತು. ಸೋಲ್ ಹಾಡೊಂದನ್ನು ಕೇಳಿ, ತಾಯಿ ಸತ್ತ ದುಃಖ ಇದು ಅಂತ ನಾನು ಎಷ್ಟೋ ಸಲ ಕಣ್ಣು ಒರೆಸಿಕೊಂಡಿದ್ದೇನೆ. ಹೋದ ವರ್ಷ ಮಗಳು ಅದರ ಅರ್ಥ ಹುಡುಕಿ ಹೇಳಿದಳು. ಒಬ್ಬ ತನ್ನ ಹೊಸ ಕಾರಿನ ಬಗ್ಗೆ ಹಾಡಿದ್ದಂತೆ.

ಸೆಲ್ವನ ಹತ್ತಿರ ಒಂದು ಟೇಪ್ ರೆಕಾರ್ಡರು, ಅದಕ್ಕೆ ಜೋಡಿಸಿದ ಹಳೆಯ ಸ್ಪೀಕರೊಂದು ಇತ್ತು, ಗೂಡಿಲ್ಲದ್ದು. ಅದನ್ನು ಮಣ್ಣಿನ ಮಡಕೆಯ ಬಾಯಿಯ ಮೇಲೆ ಬೋರಲು ಇಟ್ಟರೆ ಸದ್ದು ಮಡಕೆಯೊಳಗೆ ಹೋಗಿ ಗುಮ್ಮೆಂದು ನೆಲಕ್ಕೆ ಇಳಿಯುತ್ತಿತ್ತು. ಅವನ ಮನೆಯಲ್ಲಿ ರಾತ್ರಿ ಶಿಫ್ಟ್ ಮುಗಿಸಿದ ಅಪ್ಪ ಹಗಲೆಲ್ಲ ಮಲಗುತ್ತಿದ್ದುದರಿಂದ ಆ ಏರ್ಪಾಟು ನಮ್ಮ ಮನೆಗೆ ಬಂತು. ಅಕ್ಕ ನೀರಿಗೆಂದು ತರಿಸಿದ್ದ ಮಡಕೆಯನ್ನು ನಾನು ಸಂಗೀತಕ್ಕೆ ಎತ್ತಿಕೊಂಡೆ.

“ಪಾಡೋನ್ನ ಬಿಡು. ಕೆಳಗೆ ಏನ್ ನಡೀತೈತೆ, ಅದ್ನ ಕೇಳು,” ಅಂತ ಸೆಲ್ವ ಹೇಳುತ್ತಿದ್ದ. ಬೇಸ್ ಗಿಟಾರು, ಡ್ರಮ್ಮಿನ ದೊಡ್ಡ ಏಟು, ಅದೇ ಕೆಳಗಿನದು. ಒಂದು ತಿಂಗಳಲ್ಲಿ ನನ್ನ ಕಿವಿ ಅದಕ್ಕೆ ಪಳಗಿತು. ಆಗ ನನಗೆ ಹೊಳೆಯದಿದ್ದುದು ಏನೆಂದರೆ, ಅದೇ ಮನೆಯಲ್ಲಿ ಇನ್ನೊಬ್ಬಳು, ಮದುವೆಯಾಗಿ ಬಂದ ದಿನದಿಂದ ಕೆಳಗಿನದನ್ನೇ ಕೇಳುತ್ತಾ ಬದುಕುತ್ತಿದ್ದಳು.

ಗಣಿಯ ಜನರಿಗೆ ಗೊತ್ತಿರುವ ಸಂಗತಿಯಿದು, ನಿಮಗಾಗಿ ಹೇಳುತ್ತೇನೆ. ಆಳದಲ್ಲಿ ಕಲ್ಲನ್ನು ಅಗೆದು ಅಗೆದು ಟೊಳ್ಳು ಮಾಡಿದ ಮೇಲೆ, ಉಳಿದ ಬಂಡೆಯ ಮೇಲೆ ಭಾರ ಕೂತು, ಒಂದು ದಿನ ಯಾರೂ ಮುಟ್ಟದೆಯೇ ಅದು ಸಿಡಿಯುತ್ತದೆ. ಮದ್ದಿಟ್ಟು ಸಿಡಿಸುವುದು ಬೇರೆ, ಅದಕ್ಕೆ ಹೊತ್ತು ಗೊತ್ತು ಇರುತ್ತದೆ. ಇದಕ್ಕೆ ಇಲ್ಲ. ಅಲ್ಲಿಯವರು ಅದನ್ನು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಮೇಲೆ ನಿಂತವರಿಗೆ ಕಾಣುವುದು ಏನೂ ಇಲ್ಲ. ನೆಲ ಒಂದು ಸಲ ಮೈ ಕೊಡವುತ್ತದೆ, ಕಿಟಕಿ ಅದುರುತ್ತದೆ, ಶೆಲ್ಫಿನ ತಟ್ಟೆ ಲೋಟ ಝಣ್ ಅನ್ನುತ್ತವೆ. ಅಷ್ಟೇ. ಆ ಝಣ್‌ಗೆ ಲೈನಿನ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟು, ತಮ್ಮ ಮನುಷ್ಯ ಈಗ ಯಾವ ಶಿಫ್ಟು ಅಂತ ಲೆಕ್ಕ ಹಾಕುತ್ತಾರೆ.

ನನ್ನ ಮಡಕೆ ಮೊದಲ ಸಲ ಗುಮ್ಮೆಂದಾಗ ಅಕ್ಕ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದ್ದಳು. ಬಾವ ಆಗ ಒಳಗೆ ಇಳಿದಿದ್ದರು. ಹಾಡೆಂದು ಗೊತ್ತಾಗಿ ವಾಪಸು ಬಂದವಳ ತುಟಿ ಬಿಳಿಚಿತ್ತು. ಬೈಯಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ತಂದುಕೊಂಡು ಹೇಳಿದಳು:

“ನಿಮ್ ಬಾವ ಮನೇಲಿದ್ದಾಗ ಎಷ್ಟ್ ಬೇಕಾದ್ರೂ ಆಕ್ಕೊ. ಅವ್ರು ಕೆಳಗಿದ್ದಾಗ ಮಾತ್ರ ಬ್ಯಾಡ ಕಣ್ಲಾ. ನಂಗೆ ಯಾವ್ದು ಯಾವ್ದು ಅಂತ ಗೊತ್ತಾಗಾಕಿಲ್ಲ.”

ಹೀಗೆ ನನ್ನ ಸಂಗೀತಕ್ಕೆ ಬಾವನ ಶಿಫ್ಟಿನ ವೇಳಾಪಟ್ಟಿ ಬಂತು. ಅವರದು ಬೆಳಗಿನ ಶಿಫ್ಟಾದರೆ ಸಂಜೆ ಹಾಡು, ರಾತ್ರಿಯದಾದರೆ ಮಧ್ಯಾಹ್ನ ಅವರು ಎದ್ದ ಮೇಲೆ. ಬಾವ ಮಾತು ಕಡಿಮೆಯ ಮನುಷ್ಯ. ಊಟ ಮುಗಿಸಿ ನೆಲದ ಮೇಲೆ, ಮಡಕೆಯ ಪಕ್ಕದಲ್ಲೇ ಮಲಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ‘ದೊಡ್ಡಮ್ಮ’ ಬಂದರೆ ಪಾದ ಅಲ್ಲಾಡುತ್ತಿತ್ತು. ಒಮ್ಮೆ ನಾನು, ಬ್ಲಾಸ್ಟ್ ಆದಾಗ ಒಳಗೆ ಈ ಥರಾನೇ ಸದ್ದು ಬರುತ್ತಾ ಬಾವ ಅಂತ ಕೇಳಿದೆ. ಅವರು ಕಣ್ಣು ತೆರೆಯದೆ, ಸದ್ದೇ ಬರುವುದಿಲ್ಲ ಅಂದರು. ಮೊದಲು ಕಿವಿ ಕಟ್ಟಿಕೊಳ್ಳುತ್ತದಂತೆ, ಎದೆಗೆ ಯಾರೋ ಕೈ ಇಟ್ಟು ತಳ್ಳಿದ ಹಾಗಾಗುತ್ತದಂತೆ, ದೀಪಗಳು ಹೋಗುತ್ತವಂತೆ. ಅಷ್ಟು ಹೇಳಿ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿ, ಇದನ್ನೆಲ್ಲ ನಿಮ್ಮಕ್ಕನ ಹತ್ತಿರ ಹೇಳಬೇಡ ಅಂದರು. ಅಂದಿನಿಂದ ಆ ಹಾಡುಗಳು ಶುರುವಾಗುವ ಮುಂಚಿನ ಕ್ಷಣ, ಟೇಪು ಸುಮ್ಮನೆ ಸರಸರ ಅನ್ನುವ ಆ ಎರಡು ಸೆಕೆಂಡು, ನನಗೆ ಹಿಡಿಸದಂತಾಯಿತು. ಕಿವಿ ಕಟ್ಟಿಕೊಳ್ಳುವುದು ಹೀಗೇ ಇರಬಹುದೇ ಅನ್ನಿಸುತ್ತಿತ್ತು.

ಈಗ ಆ ದಿನದ ಮಾತು.

ಪರೀಕ್ಷೆ ಮುಗಿದಿತ್ತು. ಬಾವನದು ಬೆಳಗಿನ ಶಿಫ್ಟು. ಸೆಲ್ವ ಹೊಸ ಕ್ಯಾಸೆಟ್ಟು ಕೊಟ್ಟು ಹೋಗಿದ್ದ, ಸಾಯಂಕಾಲದವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಅಕ್ಕ ಬೀದಿ ನಲ್ಲಿಗೆ ಬಿಂದಿಗೆ ಹಿಡಿದು ಹೋಗಿದ್ದಳು, ಸರತಿ ಉದ್ದವಿರುತ್ತಿತ್ತು. ಸಣ್ಣಗೆ ಇಟ್ಟುಕೊಂಡರೆ ಯಾರಿಗೆ ಗೊತ್ತಾಗುತ್ತದೆ ಅಂತ ಹಾಕಿದೆ. ಫಂಕ್ ಹಾಡು, ಎಂಟು ನಿಮಿಷದ್ದು. ಬೇಸ್ ಗಿಟಾರಿನವನು ಒಂದೇ ನಡೆಯನ್ನು ಬಿಡದೆ ಸುತ್ತುತ್ತಿದ್ದ. ಸದ್ದು ಹೆಚ್ಚಿಸಲು ಕೈ ಹೋಗುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ಮೂರನೆಯ ನಿಮಿಷದಲ್ಲೋ ನಾಲ್ಕನೆಯದರಲ್ಲೋ ಶೆಲ್ಫಿನ ತಟ್ಟೆಗಳು ಝಣ್ ಅಂದವು.

ನಾನು ಗಕ್ಕನೆ ಟೇಪು ನಿಲ್ಲಿಸಿದೆ. ಹಾಡಿನಿಂದಲೇ ಆದದ್ದೆಂದು ನನ್ನ ತಲೆ ಹೇಳಿತು. ಅಷ್ಟು ಸಣ್ಣ ಸದ್ದಿಗೆ ತಟ್ಟೆ ಅಲ್ಲಾಡುತ್ತದೆಯೇ ಎಂದು ಇನ್ನೊಂದು ಕಡೆಯಿಂದ ಕೇಳಿತು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದಳು. ಸೊಂಟದ ಬಿಂದಿಗೆ ಅರ್ಧ ಚೆಲ್ಲಿ ಸೀರೆ ನೆನೆದಿತ್ತು. ನನ್ನನ್ನು ನೋಡಿದಳು, ಮಡಕೆಯನ್ನು ನೋಡಿದಳು.

“ನೀನಾ?”

“ನಾನೇ ಅಕ್ಕ. ಟೇಪು,” ಅಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬಿಂದಿಗೆಯನ್ನು ಮೂಲೆಗಿಟ್ಟು, ಸರಿ ಬಿಡು ಅಂದಳು. ಅವಳು ಬೈಯುತ್ತಾಳೆಂದು ಕಾದೆ. ಬೈಯದೆ ಒಲೆಯ ಮುಂದೆ ಕೂತು ಅಕ್ಕಿ ಆರಿಸಲು ಮೊರ ಎತ್ತಿಕೊಂಡಳು. ನಾನು ಬದುಕಿದೆನೆಂದುಕೊಂಡೆ. ಅರ್ಧ ಗಂಟೆ ಹೀಗೇ ಕಳೆಯಿತು. ಮೊರದಲ್ಲಿ ಅಕ್ಕಿ ಹೊರಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಆಮೇಲೆ ಸೈರನ್ ಕೂಗಿತು. ಬೀದಿಯಲ್ಲಿ ಚಪ್ಪಲಿಗಳ ಸದ್ದು, ಓಡುವವರದು. ಅಕ್ಕ ಎದ್ದು, ಒಲೆಗೆ ನೀರು ಚಿಮುಕಿಸಿ, ಬಾಗಿಲಿಗೆ ಬೀಗ ಹಾಕಿ ನನ್ನ ಕೈಗೆ ಬೀಗದ ಕೈ ಕೊಟ್ಟಳು.

ಗಣಿಯ ಗೇಟಿನ ಮುಂದೆ ಹೆಂಗಸರು ನೆಲದ ಮೇಲೆ ಕೂತಿದ್ದರು. ಇಂಥ ಕಡೆ ಗೋಳಾಟ ಇರುತ್ತದೆಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಅಲ್ಲಿ ಮಾತೇ ಇರಲಿಲ್ಲ. ಮಗು ಅತ್ತರೆ ತಾಯಂದಿರು ಬಾಯಿ ಮುಚ್ಚಿಸುತ್ತಿದ್ದರು, ಕೆಲಸದವರನ್ನು ಆಳದಿಂದ ಎತ್ತಿ ತರುವ ಕೇಜು ಮೇಲೆ ಬರುವ ಗಂಟೆ ಕೇಳದೆ ಹೋದೀತೆಂದು. ಅಕ್ಕ ಹೋಗಿ ಬಾವನ ಜೊತೆಗಾರ ಅರುಳನ ಹೆಂಡತಿಯ ಪಕ್ಕ ಕೂತಳು. ಬಾವ ಮತ್ತು ಅರುಳ್ ಒಂದೇ ಕಡೆ ಕೆಲಸ ಮಾಡುವವರು. ಆ ಹೆಂಗಸು ಅಕ್ಕನ ಕೈ ಹಿಡಿದುಕೊಂಡಳು. ನಾನು ಹಿಂದೆ ಬೇಲಿಯ ಹತ್ತಿರ ನಿಂತೆ. ನನ್ನ ತಲೆಯಲ್ಲಿ ಆ ಹಾಡಿನ ಬೇಸ್ ನಿಲ್ಲದೆ ಸುತ್ತುತ್ತಿತ್ತು. ಗಂಡಸರು ಕಲ್ಲಿನಡಿ ಬಿದ್ದಿದ್ದಾರೆ, ನನ್ನ ಕಾಲ ಹೆಬ್ಬೆರಳು ತಾಳ ಹಾಕುತ್ತಿದೆ. ನಿಲ್ಲಿಸಲು ಇನ್ನೊಂದು ಪಾದದಿಂದ ಅದನ್ನು ತುಳಿದು ಹಿಡಿದೆ.

ಕೇಜಿನ ಗಂಟೆ ಹೊಡೆದಾಗಲೆಲ್ಲ ಕೂತವರ ಮುಖಗಳು ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುತ್ತಿದ್ದವು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದೆ ಹೊತ್ತು ಇಳಿಯುವಾಗ, ನಾಲ್ಕನೆಯ ಕೇಜಿನಲ್ಲಿ ಬಾವ ಬಂದರು. ಮೈಯೆಲ್ಲ ಬೂದಿ ಬಳಿದ ಹಾಗೆ ಧೂಳು, ಬಲಗಿವಿಯಿಂದ ಕುತ್ತಿಗೆಗೆ ಇಳಿದ ರಕ್ತ. ನಾನು ಕೂಗಿದೆ. ಅಕ್ಕ ಏಳಲಿಲ್ಲ. ಬಾವನನ್ನು ನೋಡಿದಳು, ನೋಡಿ ತಲೆ ತಗ್ಗಿಸಿದಳು. ಅರುಳನ ಹೆಂಡತಿ ಇನ್ನೂ ಅವಳ ಕೈ ಹಿಡಿದಿದ್ದಳು. ಬಾವ ಬೇಲಿಗೆ ಒರಗಿ ನಿಂತರು, ಅಕ್ಕ ಅಲ್ಲೇ ಕೂತಿದ್ದಳು. ಆ ಕೈ ತಾನಾಗಿ ಬಿಡುವವರೆಗೆ ಕೂತಿದ್ದಳು.

ಅರುಳನ ಹೆಣದ ಮೆರವಣಿಗೆಗೆ ಸೆಲ್ವನ ಬ್ಯಾಂಡೇ ಬಂತು. ನಾನು ಹಿಂದೆ ಹಿಂದೆ ನಡೆದೆ. ಪೀಪಿಗಳು ಏನೋ ನುಡಿಸುತ್ತಿದ್ದವು, ನನ್ನ ಕಿವಿ ಅಭ್ಯಾಸಬಲದಿಂದ ಕೆಳಕ್ಕೆ ಹೋಯಿತು. ಅಲ್ಲಿ, ಡ್ರಮ್ಮಿನ ದೊಡ್ಡ ಏಟಿನಲ್ಲಿ, ‘ಕಂಡಕ್ಟರ್’ ಹಾಡಿನ ನಡೆ ಸ್ಪಷ್ಟವಾಗಿ ಕೇಳಿಸಿತು. ಸೆಲ್ವನಿಗೆ ಹುಚ್ಚು ಹಿಡಿಯಿತೇ ಅಂದುಕೊಂಡೆ. ಎರಡು ದಿನವಾದ ಮೇಲೆ ಕೇಳಿದ್ದಕ್ಕೆ, ಅದು ಹಾಡಿನದಲ್ಲ, ತನ್ನ ತಾತ ತಮಟೆಯಲ್ಲಿ ಬಾರಿಸುತ್ತಿದ್ದ ಸಾವಿನ ನಡೆಯೇ ಹಾಗೆ ಅಂದ. ಆ ಅಮೆರಿಕದವರ ತಾತಂದಿರೂ ಎಲ್ಲೋ ಹೆಣದ ಮುಂದೆ ಬಾರಿಸಿರುತ್ತಾರೆ ಬಿಡು ಅಂದ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ನಂಬಿಯೇ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ.

ಮಡಕೆಯನ್ನು ತೊಳೆದು ಅಕ್ಕನಿಗೆ ವಾಪಸು ಕೊಟ್ಟೆ. ಬಾವ ಹತ್ತು ದಿನಕ್ಕೆ ಮತ್ತೆ ಗಣಿಗೆ ಇಳಿದರು, ಕೇಳುವ ಒಂದೇ ಕಿವಿಯಲ್ಲಿ. ನಾನು ಫಲಿತಾಂಶ ಬಂದ ಮೇಲೆ ಊರಿಗೆ ಮರಳಿದೆ. ಆಮೇಲೆ ಗಣಿಯೇ ಮುಚ್ಚಿತು. ಆ ದಿನ ಲೈನಿಗೆ ಲೈನೇ ಅತ್ತರೆ ಅಕ್ಕ ಮಾತ್ರ ಮಧ್ಯಾಹ್ನ ಚಾಪೆ ಹಾಸಿ, ಸಂಜೆವರೆಗೆ ಅಲುಗದೆ ನಿದ್ದೆ ಮಾಡಿದಳಂತೆ. ಕೆಲವು ವರ್ಷಕ್ಕೆ ಬಾವ ಶ್ವಾಸಕೋಶದ ಕಾಯಿಲೆಯಲ್ಲಿ ಹೋದರು, ಮನೆಯಲ್ಲೇ, ಅಕ್ಕ ಪಕ್ಕದಲ್ಲಿ ಕೂತಿರುವಾಗ. ಫೋನು ಬಂದ ಮೇಲೆ ಆ ಹಾಡುಗಳು ಒಂದೊಂದಾಗಿ ನನಗೆ ಮರಳಿ ಸಿಕ್ಕವು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಕೇಳುತ್ತಿದ್ದೆ. ತಟ್ಟೆಗಳು ಝಣ್ ಅಂದ ದಿನ ನಾನು ಟೇಪು ಅನ್ನದೆ ಗೊತ್ತಿಲ್ಲ ಅಂದಿದ್ದರೆ ಅಕ್ಕ ಅರ್ಧ ಗಂಟೆ ಮೊದಲೇ ಗೇಟಿಗೆ ಹೋಗಿರುತ್ತಿದ್ದಳು. ಹೋಗಿ ಏನೂ ಮಾಡಲು ಆಗುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೂ ಆ ಅರ್ಧ ಗಂಟೆಯನ್ನು ಅವಳಿಂದ ಕದ್ದೆನೆಂಬುದು ಹೋಗಲಿಲ್ಲ. ಅವಳು ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಸಲೀಸಾಗಿರುತ್ತಿತ್ತು.

ಮೊನ್ನೆ ಅಂಗಳಕ್ಕೆ ಓಡಿದ ಮೇಲೆ, ಇನ್ನು ಹೇಳದೆ ಇರಲಾಗದು ಅನ್ನಿಸಿತು. ಡೇರಿಗೆ ಹಾಲು ಹಾಕಿ ಗಾಡಿ ಹತ್ತಿ ಅಕ್ಕನ ಮನೆಗೆ ಹೋದೆ. ಅದೇ ಲೈನ್ ಮನೆ. ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ಎತ್ತಿಕೊಂಡು ಸುಲಿಯುತ್ತಾ, ಅವಳ ಮುಖ ನೋಡದೆ ಎಲ್ಲ ಹೇಳಿದೆ. ಅದು ಟೇಪೋ ಅಲ್ಲವೋ ನನಗೇ ಗೊತ್ತಿರಲಿಲ್ಲ, ಹೆದರಿ ಹಾಗಂದೆ ಅಂದೆ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನಂಗ್ ಗೊತ್ತಿತ್ತು ಕಣ್ಲಾ. ನಲ್ಲಿತಾವ ನಿಂತಿದ್ನಲ್ಲ, ಕಾಲಡಿ ನೆಲ ಅದುರ್ತು. ನಿನ್ ಮಡಕೆ ಅಷ್ಟ್ ದೂರ ಬತ್ತದಾ?”

“ಮತ್ಯಾಕಕ್ಕ ಸುಮ್ನೆ ಕೂತೆ?”

“ಗೇಟ್‌ತಾವ ಬೇಗ ಓದ್ರೆ ಬೇಗ ಗೊತ್ತಾಗ್ತದೆ, ಅಷ್ಟೇ ತಾನೆ. ಅಲ್ಲೀಗಂಟ ಅವ್ರು ಬದುಕಿರ್ತಾರಲ್ಲ. ನೀನು ಟೇಪು ಅಂದೆ. ಆಗ್ಲಿ ಅಂತ ಆ ಮಾತ್ನೇ ಇಟ್ಕೊಂಡೆ.”

ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಎಲ್ಲ ಗೊತ್ತಿದ್ದೂ ಒಲೆಯ ಮುಂದೆ ಕೂತು ಅಕ್ಕಿ ಆರಿಸಿದ ಆ ಬೆನ್ನು ಕಣ್ಣಿಗೆ ಬಂತು. ನಾನು ಅದೇ ಕೋಣೆಯಲ್ಲಿದ್ದೆ, ಅವಳಿಂದ ಎರಡು ಮಾರು ದೂರ, ಬೈಗುಳ ತಪ್ಪಿತೆಂದು ಖುಷಿಪಡುತ್ತಾ.

ಸ್ವಲ್ಪ ಹೊತ್ತಿನ ಮೇಲೆ, ಯಾವ ಹಾಡು ಅದು, ಹಾಕು ನೋಡೋಣ ಅಂದಳು. ಫೋನಿನಲ್ಲೇ ಹಾಕಿದೆ. ಅಷ್ಟೂ ವರ್ಷ ನಾನು ಆ ಒಂದು ಹಾಡನ್ನು ಕೇಳಿರಲಿಲ್ಲ. ಪುಟ್ಟ ಫೋನಿನಲ್ಲಿ ಅದು ಕೀರಲಾಗಿ, ಎಲುಬಿಲ್ಲದ ಹಾಗೆ ಬಂತು. ಅಕ್ಕ ತಲೆ ವಾಲಿಸಿ ಕೇಳಿದಳು. ಇದರಲ್ಲಿ ನಡುಕವೇ ಇಲ್ಲವಲ್ಲ ಅಂದಳು. ಫೋನಿಗೆ ಅದು ಬರುವುದಿಲ್ಲ, ಮಗಳು ಒಂದು ಸ್ಪೀಕರ್ ಕೊಡಿಸಿದ್ದಾಳೆ, ಭಾನುವಾರ ತರುತ್ತೇನೆ ಅಂದೆ. ಕೂಡಲೇ ಬೇಡ ಅಂತಾಳೆ ಅಂದುಕೊಂಡಿದ್ದೆ. ಕಾಳುಗಳನ್ನು ಬೆರಳಿಂದ ಸರಿಸುತ್ತಾ ಯೋಚಿಸಿ ಹೇಳಿದಳು:

“ತಕ್ಕೊಂಬಾ. ಆಕೋಕ್ ಮುಂಚೆ ಮಾತ್ರ ನಂಗ್ ಯೋಳು. ಯಾರ್ಯಾರು ಎಲ್ಲೆಲ್ಲವ್ರೆ ಅಂತ ಕೇಳ್ಕೊಂತೀನಿ.”

ಭಾನುವಾರ ನಾನು ಹೋಗುವ ಹೊತ್ತಿಗೆ ಅವಳು ಬಾಗಿಲ ಬಳಿ ಕೂತು ಫೋನ್ ಮಾಡಲು ಶುರು ಮಾಡಿದ್ದಳು. ಬೇತಮಂಗಲದಲ್ಲಿರುವ ಅವಳ ಮಗ ಮನೆಯಲ್ಲಿದ್ದ. ಸೊಸೆ, ಮೊಮ್ಮಕ್ಕಳು ಅಲ್ಲೇ ಇದ್ದರು. ನನ್ನ ಹೆಂಡತಿ ಹಸುಗಳಿಗೆ ಮೇವು ಹಾಕುತ್ತಿದ್ದಳು. ಕೊನೆಗೆ ನನ್ನ ಮಗಳಿಗೆ ಮಾಡಿದಳು. ಫೋನು ರಿಂಗಾಯಿತು. ಅವಳು ಎತ್ತಲಿಲ್ಲ. ಅಕ್ಕ ಮತ್ತೆ ಒತ್ತಿದಳು. ಭಾನುವಾರವೂ ಡ್ಯೂಟಿ ಇರುತ್ತದೆ, ಕೈಯಲ್ಲಿ ಕೆಲಸವಿರುತ್ತದೆ ಅಂತ ನಾನೇ ಹೇಳಬಹುದಿತ್ತು. ಹೇಳಲಿಲ್ಲ. ಸ್ಪೀಕರನ್ನು ಎದೆಗೆ ಒತ್ತಿ ಹಿಡಿದು, ಬಿಸಿಲಲ್ಲಿ ನಿಂತು, ಆ ರಿಂಗನ್ನೇ ಕೇಳುತ್ತಿದ್ದೆ. ನಾಲ್ಕು ಸಲ, ಐದು ಸಲ.

“ಏನ್ ಅತ್ತೆ?” ಅಂದಳು ಮಗಳು.

“ಏನಿಲ್ಲಮ್ಮ, ಎಲ್ಲಿದ್ದೀಯ ಅಂತ ಕೇಳೋಣ ಅಂತ ಮಾಡ್ದೆ,” ಅಂದು ಅಕ್ಕ ಫೋನು ಇಟ್ಟಳು. ಸೆರಗಿನಿಂದ ಕತ್ತು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಆಕು ಇನ್ನ.”